ಐದು ಲೋಟ ರವೆಗೆ ಎಷ್ಟು ನೀರು?

ನಮ್ಮ ಯಜಮಾನರ ತಲೆ ಸರಿಯಿಲ್ಲ ಎಂದರೆ ನೀವು ನಂಬುವುದಿಲ್ಲ. ನೋಡಿದವರಿಗೆಲ್ಲ ಅವರು ಸಾಧುಪ್ರಾಣಿ! ನೀವು ಅವರ ಜೊತೆ ಒಂದು ದಿನವೂ ರೊಟ್ಟಿ ತಿಂದಿಲ್ಲವಲ್ಲ, ಅದಕ್ಕೆ.

ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡಿ ಪಾಸು, ಫೇಲು ಮಾಡುವುದು ಅವರ ಕೆಲಸ. ಅಲ್ಲೇ ಮಾಡಿಕೊಂಡಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ನಾಲ್ಕನೇ ಕ್ಲಾಸಿನ ನಮ್ಮ ಮಗಳಿಗೆ ಗಣಿತದ ಪರೀಕ್ಷೆ ಎಂದರೆ ಹಿಂದಿನ ದಿನವೇ ಜ್ವರ. ನಿಜವಾದ ಜ್ವರ! "ನಾನು ದಡ್ಡಿ ಅಮ್ಮಾ" ಎಂದು ಅಳುತ್ತಿದ್ದಳು. ಟ್ಯೂಷನ್‌ಗೆ ಹಾಕೋಣ ಎಂದೆ. "ಮನೇಲೇ ಇಷ್ಟೊಂದು ಲೆಕ್ಕ ಬಿದ್ದಿದೆ, ಟ್ಯೂಷನ್ ಯಾಕೆ?" ಎಂದವರೇ ಅಡುಗೆಮನೆಗೆ ನುಗ್ಗಿದರು.

ಮೊದಲು ಸಿಕ್ಕಿದ್ದು ನನ್ನ ಜೋಳದ ರೊಟ್ಟಿ. ಸ್ಕೇಲು ಇಟ್ಟರು.

"ಉದ್ದ ಹದಿನೆಂಟೂವರೆ, ಅಗಲ ಹದಿನಾರು. ವ್ಯತ್ಯಾಸ ಎಷ್ಟು ಪುಟ್ಟಿ?"

"ಎರಡೂವರೆ!"

"ರಿಜೆಕ್ಟ್!"

ದಾವಣಗೆರೆಯಲ್ಲಿ ಅವ್ವನ ಹತ್ತಿರ ರೊಟ್ಟಿ ಬಡಿಯಲು ಕಲಿತವಳು ನಾನು! "ರಿಜೆಕ್ಟ್ ಆದದ್ದನ್ನ ಯಾರ್ರೀ ತಿಂತಾರೆ?" ಎಂದು ರೇಗಿದೆ. ಸಾಹೇಬರು ಎಣ್ಣೆಗಾಯಿ ಹಚ್ಚಿಕೊಂಡು ನಾಲ್ಕು ರಿಜೆಕ್ಟ್ ತಿಂದು ತೇಗಿದರು.

ಆಮೇಲೆ ಬಾಲ್ಕನಿಯ ಸರದಿ. "ಹತ್ತು ಟವೆಲ್ ಒಣಹಾಕೋಕೆ ಎಷ್ಟು ಕ್ಲಿಪ್ ಬೇಕು?" ಇದೇನು ಮಹಾ ಪ್ರಶ್ನೆ ಎಂದು ನಾನೇ ಮುನ್ನುಗ್ಗಿ "ಇಪ್ಪತ್ತು" ಎಂದೆ. ಮಗಳು ಹಗ್ಗವನ್ನೇ ನೋಡುತ್ತಾ ನಿಂತಿದ್ದಳು. "ಪಕ್ಕಪಕ್ಕದ ಎರಡು ಟವೆಲ್‌ಗೆ ಒಂದೇ ಕ್ಲಿಪ್ ಹಾಕಿದ್ರೆ ಹನ್ನೊಂದೇ ಸಾಕಲ್ವಾ?" ಅಪ್ಪ, ಮಗಳು ಇಬ್ಬರೂ ನನ್ನ ಕಡೆ ತಿರುಗಿದರು. "ನಾಲ್ಕನೇ ಮಹಡಿ, ಗಾಳಿ ಜಾಸ್ತಿ ಕಣ್ರೀ" ಎಂದು ಹೇಗೋ ಮಾನ ಉಳಿಸಿಕೊಂಡೆ!

ನಿಜ ಹೇಳಲೇ? ಮಗಳ ಜ್ವರ ನನ್ನ ಕಡೆಯಿಂದ ಬಂದ ಆಸ್ತಿ. ಚಿಕ್ಕವಳಿದ್ದಾಗ ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು, ಇಡೀ ಕ್ಲಾಸು ನಕ್ಕಿತ್ತು. ಅಂದಿನಿಂದ ಅಂಕಿ ಕಂಡರೆ ಕೈ ತಣ್ಣಗಾಗುತ್ತದೆ. ಇದನ್ನು ಗಂಡನಿಗೂ ಹೇಳಿರಲಿಲ್ಲ. ಅಡುಗೆಯೆಲ್ಲ ಕಣ್ಣಂದಾಜಿನಲ್ಲೇ ನಡೆದಿತ್ತು.

ಮೊನ್ನೆ ಭಾನುವಾರ ಊರಿಂದ ಅತ್ತೆಯೂ ಸೇರಿ ಹತ್ತು ಜನ ಬಂದಿಳಿಯುವವರಿದ್ದರು. ಇವರು ಅವರನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದರು. ಉಪ್ಪಿಟ್ಟಿಗೆ ಐದು ಲೋಟ ರವೆ ಹುರಿದಿಟ್ಟೆ. ಲೋಟಕ್ಕೆ ಎರಡೂವರೆ ನೀರು. ಹಾಗಾದರೆ ಐದಕ್ಕೆ? ತಲೆ ನಿಂತೇಹೋಯಿತು. ಅತ್ತೆಯ ಮುಂದೆ ಗಂಜಿ ಬಡಿಸುವುದೇ? ಒಗ್ಗರಣೆ ಸೀಯುತ್ತಿತ್ತು.

"ಯಾಕಮ್ಮಾ ಸುಮ್ನೆ ನಿಂತಿದೀಯಾ?" ಮಗಳು ಬಂದಳು.

"ಲೋಟಕ್ಕೆ ಎರಡೂವರೆ ಅಂದ್ರೆ ಐದಕ್ಕೆ ಎಷ್ಟು ನೀರು ಅಂತ ಗೊತ್ತಾಗ್ತಿಲ್ಲ ಕಣೇ" ಎಂದುಬಿಟ್ಟೆ.

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಒಲೆ ಆರಿಸಿದಳು. ಲೋಟ ನನ್ನ ಕೈಗೆ ಕೊಟ್ಟಳು.

"ನಂಗೂ ಹೀಗೇ ಆಗ್ತಿತ್ತಮ್ಮಾ. ತಪ್ಪಾದ್ರೆ ಏನೂ ಆಗಲ್ಲ. ಎರಡು ಲೋಟ ರವೆಗೆ ಐದು ನೀರು. ಇನ್ನೆರಡಕ್ಕೆ ಇನ್ನೈದು. ಹತ್ತಾಯ್ತಾ? ಉಳಿದ ಒಂದಕ್ಕೆ ಎರಡೂವರೆ. ಹನ್ನೆರಡೂವರೆ!"

ಲೆಕ್ಕ ಬಾರದ ನನ್ನ ಜೊತೆ ಇಷ್ಟು ಮೆತ್ತಗೆ ಯಾರೂ ಮಾತಾಡಿರಲಿಲ್ಲ. ಮೊದಲ ಸಲಕ್ಕೇ ಅರ್ಥವಾಗಿತ್ತು. ಆದರೂ "ಇನ್ನೊಂದ್ಸಲ ಹೇಳೇ" ಎಂದೆ.

ಅವಳು ಒಂಚೂರೂ ಬೇಸರವಿಲ್ಲದೆ ಮತ್ತೆ ಮೊದಲಿನಿಂದ ಹೇಳಿಕೊಟ್ಟಳು.