ಭಾವನ ಎರಡನೇ ಮೀಟರು

ನಮ್ಮ ಭಾವನಿಗೆ ಬೆಳಗಾಗಬೇಕಾದರೆ ಎರಡು ಕೋಳಿ ಕೂಗಬೇಕು. ಮೊದಲನೆಯದು ಕೂಗಿದ ಮೇಲೂ ಅವರು ಕಣ್ಣು ಮುಚ್ಚಿಯೇ ಮಲಗಿರುತ್ತಾರೆ. ಆ ಕೋಳಿ ಕೆಟ್ಟು ಹೋಗಿರಬಹುದಲ್ಲ!

ಉತ್ಪ್ರೇಕ್ಷೆ ಎನ್ನುತ್ತೀರಾ? ಕಾರ್ಕಳದ ಅವರ ಮನೆಗೆ ಒಮ್ಮೆ ಬನ್ನಿ. ಚಾವಡಿಯಲ್ಲಿ ಎರಡು ಗಡಿಯಾರ, ಔಷಧಿಯ ಡಬ್ಬಿಯಲ್ಲಿ ಎರಡು ಥರ್ಮಾಮೀಟರ್, ಮಳೆ ಅಳೆಯಲು ಅಂಗಳದ ಎರಡು ಮೂಲೆಯಲ್ಲಿ ಎರಡು ಪಾತ್ರೆ. ಗಡಿಯಾರಗಳೆರಡೂ ಬೇರೆ ಬೇರೆ ಹೊತ್ತು ತೋರಿಸಿದರೆ? ಪಕ್ಕದ ಮನೆಗೆ ಹೋಗಿ ಕೇಳುತ್ತಾರೆ. ಪಕ್ಕದ ಮನೆಯವರು ಈಗ ಇವರು ಗೇಟು ಮುಟ್ಟಿದ ಸದ್ದಿಗೇ ಒಳಗಿನಿಂದ ಗಂಟೆ ಕೂಗಿ ಹೇಳಿಬಿಡುತ್ತಾರೆ, ಕೂತು ಚಾ ಕುಡಿಯುವ ಅಪಾಯ ಬೇಡ ಎಂದು.

ತಪ್ಪು ಗಲ್ಫಿನದ್ದು. ಮೂಲತಃ ಕಾಪುವಿನವರಾದ ಈ ಮಹಾನುಭಾವರು ಅಲ್ಲಿ ಮೀಟರುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದರು. ಒಂದು ಮೀಟರು ಸರಿ ಉಂಟೋ ಇಲ್ಲವೋ ಎಂದು ತಿಳಿಯಲು ಅದರ ಪಕ್ಕದಲ್ಲಿ ಇನ್ನೊಂದನ್ನು ಜೋಡಿಸಿ ನೋಡುವುದು, ಅಷ್ಟೇ ಕೆಲಸ. ಉಳಿದವರು ಗಲ್ಫಿನಿಂದ ಅತ್ತರು, ಕಂಬಳಿ, ಟಾರ್ಚು ತಂದರು. ಇವರು ಸಂಶಯ ತಂದರು.

"ಒಂದು ಮೀಟರ್ ಹೇಳಿದ್ದು ಬರೀ ಸುದ್ದಿ ಮಾರಾಯ. ಎರಡು ಮೀಟರ್ ಹೇಳಿದರೆ ಅದು ಸತ್ಯ" ಎಂದು ನನಗೆ ಕಂಡಾಗಲೆಲ್ಲ ಉಪದೇಶ. ಉಪದೇಶವೂ ಎರಡೆರಡು ಸಲ!

ಮೀನು ಮಾರುವ ಹೆಂಗಸು ಬಂಗುಡೆ ತೂಗಿ ಕೊಟ್ಟರೆ ಇವರು ಒಳಗಿನಿಂದ ತಮ್ಮ ತಕ್ಕಡಿ ತರುತ್ತಾರೆ. ಆಕೆ ಒಮ್ಮೆ ಸೊಂಟಕ್ಕೆ ಕೈ ಕೊಟ್ಟು ಕೇಳಿದಳು: "ಅಲ್ಲ ಧನಿಗಳೇ, ನಿಮ್ಮ ತಕ್ಕಡಿಯನ್ನು ಯಾರು ತೂಗುವುದು?" (ತುಳುವಿನಲ್ಲಿ ಇದು ಇನ್ನೂ ಖಾರವಾಗಿತ್ತು.) ಯಾವ ಮನುಷ್ಯನಾದರೂ ನಾಚಿ ಒಳಗೆ ಹೋಗುತ್ತಿದ್ದ. ಇವರೂ ಒಳಗೆ ಹೋದರು, ಇನ್ನೊಂದು ತಕ್ಕಡಿ ತರಲು! ಬರುವಷ್ಟರಲ್ಲಿ ಬಂಗುಡೆಯ ತೂಕದ ಪ್ರಶ್ನೆಯನ್ನು ಬೆಕ್ಕು ಬಗೆಹರಿಸಿತ್ತು.

ಬಸ್ಸು ಹತ್ತುವುದಂತೂ ಬೇಡ. ಕಾಪುವಿನಲ್ಲಿ ನಿಂತ ಬಸ್ಸಿನ ಕಂಡಕ್ಟರನನ್ನು "ಇದು ಉಡುಪಿಗೆ ಹೋಗ್ತದಾ?" ಎಂದು ಕೇಳಿದರು. "ಹೋಗ್ತದೆ, ಹತ್ತಿ ಹತ್ತಿ" ಎಂದ ಅವನು. ಇವರು ಮುಂದಕ್ಕೆ ನಡೆದು ಡ್ರೈವರನನ್ನು ಕೇಳಿದರು. ಅವನು ಗೇರು ಹಾಕಿದ. ಬಸ್ಸು ಉಡುಪಿಗೇ ಹೋಯಿತು. ಭಾವನಿಗೆ ಅದು ಎರಡನೇ ಸಲ ಖಚಿತವಾದದ್ದು ಹೀಗೆ, ಅದರ ಹಿಂಬದಿಯ ಬೋರ್ಡು ಓದಿ.

ಅಕ್ಕನನ್ನು ಇವರಿಗೆ ಕೊಟ್ಟದ್ದಾದರೂ ಹೇಗೆ? ರಜೆಯಲ್ಲಿ ಬಂದವರು ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋದರು. ಮುಂದಿನ ವಾರ ಯಾರಿಗೂ ಹೇಳದೆ ಒಬ್ಬರೇ ಮತ್ತೆ ಬಂದರು. ಅಕ್ಕ ತಲೆಗೆ ಎಣ್ಣೆ ಮೆತ್ತಿಕೊಂಡು ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. "ಮೊದಲ ದಿನದ ರೀಡಿಂಗ್ ಮೇಲೆ ತೀರ್ಮಾನ ಮಾಡಬಾರದು ಅಂತ ಬಂದೆ" ಎಂದರಂತೆ. ಅಕ್ಕ ಸಾಬೂನಿನ ಕೈಯಲ್ಲೇ "ಹಾಗಾದರೆ ನಾನೂ ಇನ್ನೊಮ್ಮೆ ನೋಡಬೇಕು, ಬಿಸಿಲಿಗೆ ಬಂದು ನಿಲ್ಲಿ" ಎಂದಳಂತೆ. ನಾನು ಬಾಗಿಲ ಮರೆಯಿಂದ ಇದನ್ನೆಲ್ಲ ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಕ್ಕ ಹೇಳುವ ಪ್ರಕಾರ ನಾನು ಆಗ ಶಾಲೆಯಲ್ಲಿದ್ದೆ. ಹಾಗಾದರೆ ಈ ನೆನಪು ಯಾರದು? ಆ ಬಾಗಿಲಾದರೂ ನಿಜವೇ? ಇರಲಿ, ಮದುವೆಯಂತೂ ಆಯಿತು, ಫೋಟೋ ಉಂಟು. ಎರಡು ಆಲ್ಬಮ್!

ಇಂಥವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವಾಗಲೇ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಬೇಕೆ? ಅದೂ ಎಂಥ ದಿನ! ಅಕ್ಕನ ಹೃದಯದ ಕವಾಟವೊಂದು ಕೆಟ್ಟಿತ್ತು. ಮರುದಿನ ಬೆಳಿಗ್ಗೆ ಮಣಿಪಾಲದಲ್ಲಿ ಆಪರೇಷನ್. ಮಧ್ಯಾಹ್ನದೊಳಗೆ ಹೋಗಿ ಅಡ್ಮಿಟ್ ಆಗದಿದ್ದರೆ ಸರದಿ ಬೇರೆಯವರಿಗೆ. ಇನ್ನೂ ತಡಮಾಡುವ ಹಾಗಿಲ್ಲ ಎಂದು ಡಾಕ್ಟರು ಗಟ್ಟಿಯಾಗಿಯೇ ಹೇಳಿದ್ದರು. ಉಡುಪಿಯಿಂದ ನಾನು ಕಾರು ತಂದು ಇಬ್ಬರನ್ನೂ ಹತ್ತಿಸಿಕೊಂಡಿದ್ದೆ. ಅಕ್ಕ ಹಿಂದೆ, ಚೀಲಗಳ ನಡುವೆ.

ಜೋರು ಮಳೆ ಸುರಿಯುತ್ತಿತ್ತು ಎಂದು ಮೊದಲು ಬರೆದಿದ್ದೆ. ಅಕ್ಕ ಈ ಪುಟ ಓದಿ ಅದನ್ನು ಹೊಡೆದುಹಾಕಿದಳು. "ಮಳೆ ಎಲ್ಲಿತ್ತು? ನನಗೆ ಸೆಕೆಯಲ್ಲಿ ಉಸಿರು ಕಟ್ತಿತ್ತು." ಸರಿ, ಬಿಸಿಲಿತ್ತು.

ಪರ್ಕಳ ತಲುಪಿದ್ದೆವು. ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪ ಹೊತ್ತಿದ್ದೇ ತಡ, "ನಿಲ್ಲಿಸು!" ಎಂದು ಭಾವ ಕೂಗಿದರು.

"ಭಾವ, ಮಣಿಪಾಲ ಇಲ್ಲೇ ಉಂಟು."

"ಆಯಿಲ್ ಪ್ರೆಷರ್ ಇಲ್ಲದೆ ಓಡಿಸಿದರೆ ಎಂಜಿನ್ ಜಾಮ್ ಆಗ್ತದೆ. ನಿಲ್ಲಿಸು ಅಂದೆ!"

ಇಷ್ಟು ಮಾತ್ರ ಸರಿ, ನಿಲ್ಲಿಸಲೇಬೇಕು. "ಹಾಗಾದರೆ ಒಂದು ರಿಕ್ಷಾ ಮಾಡುವ" ಎಂದೆ.

"ರಿಕ್ಷಾದಲ್ಲಿಯಾ? ಇವಳನ್ನಾ? ಹೊಂಡಕ್ಕೆ ಹಾರಿಸಿದರೆ?"

ಎದುರಿಗೇ ಗ್ಯಾರೇಜು. ಮೆಕ್ಯಾನಿಕ್ ಎಣ್ಣೆಯ ಕಡ್ಡಿ ಎಳೆದು ನೋಡಿದ. ಎಣ್ಣೆ ಬೇಕಾದಷ್ಟಿತ್ತು. "ಸೆನ್ಸರ್ ಹೋಗಿರ್ತದೆ ಸರ್. ಪ್ಲಗ್ಗಲ್ಲಿ ಎಣ್ಣೆ ಜಿನುಗಿದೆ ನೋಡಿ. ಒತ್ತಡ ಸರಿ ಇದ್ರೂ ಇದು ಇಲ್ಲ ಅಂತ ಸುಳ್ಳು ಹೇಳ್ತದೆ."

"ಹೋಗಿರ್ತದೆ ಅಂದ್ರೆ ಎಂತ? ಗೊತ್ತುಂಟಾ?"

"ಅಂದಾಜು ಸರ್."

ಅಯ್ಯೋ ಪುಣ್ಯಾತ್ಮ! ಆ ಒಂದು ಪದವನ್ನು ನಮ್ಮ ಭಾವನ ಎದುರು ಹೇಳುವುದೇ? ಸೆನ್ಸರನ್ನು ಬಿಚ್ಚಿಸಿದರು. ಆ ತೂತಿಗೆ ಒತ್ತಡ ಅಳೆಯುವ ಗೇಜನ್ನು ತಿರುಗಿಸಿ ಕೂರಿಸಿದರು. ನಾನು ಸ್ಟಾರ್ಟ್ ಮಾಡಿದೆ. ಮುಳ್ಳು ಸರ್ರನೆ ಮೇಲೇರಿ ಗಟ್ಟಿಯಾಗಿ ನಿಂತಿತು. ಎಂಜಿನ್ ಆರೋಗ್ಯವಾಗಿತ್ತು, ಸುಳ್ಳು ಸೆನ್ಸರಿನದ್ದೇ.

"ಹೋಗುವ?" ಎಂದೆ.

"ಎಂಜಿನ್ ಸ್ವಲ್ಪ ಬಿಸಿ ಆಗಲಿ. ಎಣ್ಣೆ ತೆಳು ಆದಾಗ ನೋಡಬೇಕು."

ಬಿಸಿಯಾಯಿತು. ಮುಳ್ಳು ಕೊಂಚ ಇಳಿದು, ಇರಬೇಕಾದ ಜಾಗದಲ್ಲೇ ನಿಂತಿತು. ಭಾವ ಗೇಜನ್ನೇ ಗುರಾಯಿಸಿದರು. "ಇದು ಸರಿ ಉಂಟು ಅಂತ ಯಾರು ಹೇಳಿದ್ದು? ಇನ್ನೊಂದು ಗೇಜ್ ಉಂಟಾ?"

ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪಾನರನ್ನು ಅವರತ್ತ ಚಾಚಿದ. "ತಗೊಳ್ಳಿ ಅಣ್ಣ. ಗ್ಯಾರೇಜ್ ನೀವೇ ನಡೆಸಿ, ನಾನು ಮನೆಗೆ ಹೋಗಿ ಊಟ ಮಾಡ್ತೇನೆ."

ಆದರೂ ಪಾಪ, ಆಚೆಯ ಗ್ಯಾರೇಜಿನಿಂದ ಇನ್ನೊಂದನ್ನು ತಂದ. ಅದೂ ಅದನ್ನೇ ಹೇಳಿತು. ಅಂತೂ ಎರಡು ಮೀಟರು! ಸತ್ಯ ಸಾಬೀತು! ಮೆಕ್ಯಾನಿಕ್ ಹಳೆಯ ಸೆನ್ಸರನ್ನೇ ಮತ್ತೆ ಬಿಗಿದ. ಹೊಸದು ಅವನಲ್ಲಿರಲಿಲ್ಲ. "ದೀಪ ಹೊತ್ತಿಯೇ ಇರ್ತದೆ, ಹೆದರ್ಬೇಡಿ, ಹೋಗಿ" ಎಂದ. ನಾನು ಬಾನೆಟ್ ಮುಚ್ಚಲು ಕೈ ಎತ್ತಿದೆ. ಭಾವ ಅದನ್ನು ಹಿಡಿದು ನಿಲ್ಲಿಸಿದರು.

"ಇನ್ನೊಮ್ಮೆ ನೋಡುವ."

ಎಂತ ನೋಡುವುದು? ಇವರ ವೇದದಲ್ಲೇ ಮೂರನೇ ಮೀಟರಿನ ಪ್ರಸ್ತಾಪ ಇಲ್ಲ! ಆಸ್ಪತ್ರೆಯ ಹೊತ್ತು ಮೀರುತ್ತಿದೆ, ಹೆಂಡತಿ ಸೆಕೆಯಲ್ಲಿ ಬೇಯುತ್ತಿದ್ದಾಳೆ, ಈ ಮನುಷ್ಯನಿಗೆ ಕಬ್ಬಿಣದ ಮೇಲೆ ಪ್ರೀತಿ! ವರ್ಷಗಳಿಂದ ಕೂಡಿಟ್ಟದ್ದನ್ನೆಲ್ಲ ಒಟ್ಟಿಗೆ ಹೇಳಿಬಿಡುವುದೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೇಳಿದರು:

"ನಾಳೆ ಹೋದರೆ ಆಗ್ಲಿಕ್ಕಿಲ್ವಾ?"

ನನ್ನನ್ನಲ್ಲ, ಮೆಕ್ಯಾನಿಕನನ್ನೂ ಅಲ್ಲ. ಎಂಜಿನ್ನಿನ ಕಡೆ ಬಗ್ಗಿಕೊಂಡೇ ಕೇಳಿದರು.

ಕಾರಿನ ಹಿಂದಿನ ಬಾಗಿಲು ತೆರೆಯಿತು. ಅಕ್ಕ ಮೆಲ್ಲನೆ ಇಳಿದು, ಕಾರಿಗೆ ಕೈ ಊರುತ್ತ ಬಂದು ಅವರ ಪಕ್ಕ ನಿಂತಳು.

"ಎಂಜಿನ್‌ಗೆ ಏನೂ ಆಗಿಲ್ಲ ಅಂತ ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು."

"ಮತ್ತೆ?"

ಅವರು ಹತ್ತಿಯ ಚಿಂದಿಯಿಂದ ಕೈ ಒರೆಸುತ್ತಲೇ ಇದ್ದರು. ಮಸಿ ಹೋಗುತ್ತಿರಲಿಲ್ಲ. "ಇದನ್ನು ಬಿಚ್ಚುವಾಗ ಹತ್ತಿರ ನಿಂತು ನೋಡಿದೆ. ನಾಳೆ ನಿನ್ನನ್ನು ಬಿಚ್ಚುವಾಗ ನನ್ನನ್ನು ಒಳಗೆ ಬಿಡುವುದಿಲ್ಲ ಅಲ್ವಾ?"

ಮೆಕ್ಯಾನಿಕ್ ಏನನ್ನೋ ಹುಡುಕುವವನಂತೆ ಒಳಗೆ ಹೋದ.

"ಬಿಡುವುದಿಲ್ಲ" ಎಂದಳು ಅಕ್ಕ. "ಹೊರಗೆ ಇರಿ. ಎಚ್ಚರ ಆಗುವಾಗ ನನಗೆ ನಿಮ್ಮ ಮುಖ ಕಾಣಬೇಕು, ಅಷ್ಟೇ. ಬನ್ನಿ, ಸೆಕೆ ಆಗ್ತದೆ."

ಸೀರೆಗೆ ತಾಗದ ಹಾಗೆ ಅವರು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದರು. ಅಕ್ಕ ಅಲ್ಲಿಂದಲೇ ಒಂದನ್ನು ಹುಡುಕಿ ಹಿಡಿದಳು. ಈ ಸಲ ಭಾವ ಮುಂದೆ ಕೂರಲಿಲ್ಲ. ಚೀಲಗಳನ್ನು ಆಚೆ ತಳ್ಳಿ ಹಿಂದೆ ಅವಳ ಪಕ್ಕದಲ್ಲಿ ಕೂತರು.

ದೀಪ ಕೆಂಪಗೆ ಉರಿಯುತ್ತಲೇ ಇತ್ತು. ನಾನು ಗಾಡಿ ಹೊರಡಿಸಿ ಹಿಂದೆ ನೋಡುವ ಕನ್ನಡಿಯತ್ತ ಕಣ್ಣು ಹಾಯಿಸಿದೆ. ಮತ್ತೆ ಅದನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ, ರಸ್ತೆ ಮಾತ್ರ ಕಾಣುವಷ್ಟು.