ಒರೊಮೊ, ಸರ್ಬಿಯನ್ ಮತ್ತು ಮೂರನೇ ಕಾಫಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಒರೊಮೊ ಭಾಷೆ ಬರುವುದಿಲ್ಲ, ಸರ್ಬಿಯನ್ ಭಾಷೆಯೂ ಬರುವುದಿಲ್ಲ. ಆದರೂ ಅವೆರಡನ್ನು ಹೋಲಿಸಿ ಮಾತನಾಡಬಲ್ಲವನು ಹಾನುಬಾಳಿನಿಂದ ಆಲೂರಿನವರೆಗೆ ನಾನೊಬ್ಬನೇ ಎಂದು ಧೈರ್ಯವಾಗಿ ಹೇಳುತ್ತೇನೆ, ಅಲ್ಲಗಳೆಯಲು ಯಾರೂ ಇಲ್ಲವಲ್ಲ. ವಿದ್ವತ್ತಿನ ಗುಟ್ಟೇ ಇದಿರಬೇಕು: ಯಾರೂ ಮುಟ್ಟದ ವಿಷಯ ಹಿಡಿದುಕೊಂಡರೆ ತಪ್ಪು ಹಿಡಿಯುವವರೂ ಹುಟ್ಟುವುದಿಲ್ಲ. ನನ್ನ ಹೆಂಡತಿ ಮಾತ್ರ ಈ ವಿದ್ವತ್ತಿಗೆ ತಲೆಬಾಗಲಿಲ್ಲ. "ಆ ಬಾಸೇಲಿ ಶೆಟ್ಟರಂಗಡೀಲಿ ಒಂದ್ ಸೇರು ಅಕ್ಕಿ ಕೇಳ್ಕಂಡ್ ಬನ್ನಿ ನೋಡಣ" ಎನ್ನುತ್ತಾಳೆ.

ನಾನು ಹಾನುಬಾಳಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಹತ್ತೊಂಬತ್ತು ವರ್ಷ ರೈಟರ್ ಆಗಿದ್ದೆ. ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವನಲ್ಲ. ಎಸ್ಟೇಟಿನ ಲೈನುಮನೆಗಳಲ್ಲಿರುವ ಆಳುಗಳ ಹಾಜರಿ ಬರೆಯುವವನು. ಸಾಹುಕಾರರ ಬಂಗಲೆಯ ಜಗಲಿಯಲ್ಲಿ ಆರು ಬೆತ್ತದ ಕುರ್ಚಿಗಳಿದ್ದವು. ಹತ್ತೊಂಬತ್ತು ವರ್ಷದಲ್ಲಿ, ಮುಂದೆ ಹೇಳಲಿರುವ ಎರಡು ಸಲ ಬಿಟ್ಟರೆ, ಒಂದು ದಿನವೂ ನಾನು ಅವುಗಳ ಮೇಲೆ ಕೂತವನಲ್ಲ. ಕೂರಬೇಡ ಎಂದು ಯಾರೂ ಹೇಳಿರಲಿಲ್ಲ, ಕೂತುಕೊಳ್ಳಿ ಎಂದೂ ಹೇಳಿರಲಿಲ್ಲ. ಒಳಗಿನಿಂದ ಸ್ಟೀಲ್ ಲೋಟದಲ್ಲಿ ಕಾಫಿ ಬರುತ್ತಿತ್ತು, ಕಂಬಕ್ಕೆ ಒರಗದೆ ನಿಂತು ಕುಡಿಯುತ್ತಿದ್ದೆ. ನಾನೇನು ಕಡಿಮೆಯೇ? ರಜೆ ಕೇಳಲು ನನ್ನ ಮನೆಗೆ ಬಂದ ಆಳುಗಳನ್ನು ನಾನೂ ಮೆಟ್ಟಿಲ ಕೆಳಗೇ ನಿಲ್ಲಿಸುತ್ತಿದ್ದೆ. ದೊಡ್ಡವರಿಂದ ನಾನು ತಪ್ಪಿಲ್ಲದೆ ಕಲಿತ ಭಾಷೆ ಅದೊಂದೇ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಾಫಿಯನ್ನು ಬೆಳೆಗಾರರೇ ತಮಗೆ ಬೇಕಾದವರಿಗೆ ಮಾರಬಹುದು ಎಂದಾದ ಮೇಲೆ ನಮ್ಮ ಕಡೆ ವಿದೇಶದವರ ಓಡಾಟ ಶುರುವಾಗಿತ್ತು. ಹಾಗೆ ನಮ್ಮ ಎಸ್ಟೇಟಿಗೂ ಇಬ್ಬರು ಬಂದರು. ಕಾಫಿ ಕೊಳ್ಳುವ ಮಿಲಾನ್ ಸರ್ಬಿಯಾದವನು. ರುಚಿ ನೋಡುವ ತೊಲಾ ಇಥಿಯೋಪಿಯಾದ ಒರೊಮೊ ಜನದವನು. ಚಮಚದಲ್ಲಿ ಸೊರ್ರೆಂದು ಹೀರಿ, ಬಾಯೆಲ್ಲ ಆಡಿಸಿ, ಉಗಿಯುವುದೇ ತೊಲಾನ ಉದ್ಯೋಗ. ಸಾಹುಕಾರರ ಕಾಫಿಯನ್ನು ಅವರ ಎದುರಿಗೇ ಉಗಿದು ಮರ್ಯಾದೆ ಪಡೆದವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಷ್ಟು ಹೊತ್ತಿಗೆ ನಮ್ಮ ಮ್ಯಾನೇಜರು ಕೆಲಸ ಬಿಟ್ಟು ಮಂಗಳೂರಿಗೆ ಹೋಗಿ ಮೂರು ತಿಂಗಳಾಗಿತ್ತು. ಸಾಹುಕಾರರು ನನ್ನನ್ನು ಕರೆದು, "ನಿಮ್ಗೆ ಇಂಗ್ಲೀಷ್ ಬತ್ತದಲ್ಲ ರೈಟ್ರೇ, ಇವ್ರನ್ನ ಒಂದ್ ವಾರ ಚೆನ್ನಾಗ್ ನೋಡ್ಕಳಿ. ಆಮೇಲೆ ಮ್ಯಾನೇಜರ್ ವಿಚಾರ ಮಾತಾಡಣ" ಎಂದರು. ಮ್ಯಾನೇಜರಿಗೆ ಕೊಡುವ ಮನೆಯಲ್ಲಿ ನಲ್ಲಿಯಿತ್ತು, ಎಸ್ಟೇಟಿನವರು ನಮಗೆ ಕೊಟ್ಟಿದ್ದ ಮನೆಗೆ ಬಾವಿಯೇ ಗತಿ. ಅಂದೇ ನನ್ನ ಹೆಂಡತಿ ಬಾವಿಯ ಹಗ್ಗವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಡುವ ಯೋಚನೆ ಮಾಡಿದಳು.

ಅತಿಥಿಗಳನ್ನು ಮೆಚ್ಚಿಸಲು ನಾನು ಅವರ ಭಾಷೆ ಕಲಿಯಲು ಕೂತೆ. ಹಾಜರಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗೀಟು ಹಾಕಿ ಎಡಕ್ಕೆ ಒರೊಮೊ, ಬಲಕ್ಕೆ ಸರ್ಬಿಯನ್ ಬರೆದುಕೊಂಡೆ. ಒರೊಮೊದಲ್ಲಿ ಕಾಫಿಗೆ ಬುನಾ, ಸರ್ಬಿಯನ್ನಿನಲ್ಲಿ ಕಾಫಾ. ಒರೊಮೊದವರು ನಮ್ಮ ಹಾಗೆಯೇ ಕ್ರಿಯಾಪದವನ್ನು ಕೊನೆಗೆ ಇಡುತ್ತಾರೆ, ಕೆಲವು ಅಕ್ಷರಗಳನ್ನು ಮಾತ್ರ ಗಂಟಲಲ್ಲಿ ಹಿಡಿದು ಪಟ್ಟೆಂದು ಬಿಡಬೇಕು. ಸರ್ಬಿಯನ್ನಿನಲ್ಲಿ ನಮ್ಮ ಹಾಗೆಯೇ ಏಳು ವಿಭಕ್ತಿಗಳಿವೆಯಂತೆ, ಸ್ವರಗಳಿಗೆ ಮಾತ್ರ ಒಂದೊಂದು ಕಡೆ ಬರ. ಕಪ್ಪು ಎನ್ನುವುದಕ್ಕೆ ಮಿಲಾನ್ ಹೇಳಿಕೊಟ್ಟ 'ತ್ಸ್ರ್ನ್' ಎಂಬ ಪದವನ್ನು ಹೇಳಹೋಗಿ ನನ್ನ ಕಟ್ಟಿಸಿದ ಹಲ್ಲು ಅಲುಗಾಡಿತು. ಒಂದು ಭಾಷೆ ಗಂಟಲಿಗೆ, ಇನ್ನೊಂದು ಹಲ್ಲಿಗೆ ಎಂದು ನಾನು ಅಂದೇ ತೀರ್ಮಾನಿಸಿದೆ. ಪಂಡಿತರು ಇದಕ್ಕಿಂತ ಹೆಚ್ಚಿಗೆ ಏನು ಹೇಳಿಯಾರು?

ಹೊರಡುವ ಹಿಂದಿನ ಸಂಜೆ ತೊಲಾ ತಮ್ಮ ಊರಿನ ಪದ್ಧತಿಯಂತೆ ಕಾಫಿ ಮಾಡುತ್ತೇನೆಂದು ಜಗಲಿಯಲ್ಲೇ ಕೆಂಡದೊಲೆ ಇಟ್ಟ. ಬೀಜ ಹುರಿದು, ಕುಟ್ಟಿ, ಕುದಿಸಿ ಮೂರು ಸಲ ಕೊಡುವುದಂತೆ, ನಡುವೆ ಯಾರೂ ಏಳುವಂತಿಲ್ಲವಂತೆ. ನಾನು ಕಂಬದ ಹತ್ತಿರ ನಿಂತಿದ್ದನ್ನು ನೋಡಿ, ನಿಂತವರಿಗೆ ನಮ್ಮಲ್ಲಿ ಕಾಫಿ ಕೊಡುವುದಿಲ್ಲ, ಕೂತುಕೋ ಎಂದ. ನಾನು ಸಾಹುಕಾರರ ಮುಖ ನೋಡಿದೆ. ಸಾಹುಕಾರರು ಮಿಲಾನನ ಮುಖ ನೋಡಿ, "ಕೂತ್ಕಳಿ ರೈಟ್ರೇ, ಅದಕ್ಕೇನಂತೆ" ಎಂದರು. ಕುರ್ಚಿಯ ಅಂಚಿನಲ್ಲಿ ಅರ್ಧ ಕೂತೆ, ಉಳಿದರ್ಧ ನಿಂತೇ ಇತ್ತು. ಮೂರನೇ ಸಲ ಬಟ್ಟಲು ಕೊಡುವಾಗ ತೊಲಾ, ಇದರ ಹೆಸರು ಬರಕಾ, ಆಶೀರ್ವಾದ ಎಂದ. ಮಿಲಾನ್ ಜೋರಾಗಿ ನಕ್ಕ. ತಮ್ಮ ಕಡೆಯೂ ಹಳಬರು ಮೂರು ಕಾಫಿಗೆ ಮೂರು ಹೆಸರು ಹೇಳುತ್ತಾರಂತೆ. ಮೊದಲನೆಯದು ಬರಮಾಡಿಕೊಳ್ಳುವುದಕ್ಕೆ, ಎರಡನೆಯದು ಮಾತುಕತೆಗೆ. ಮೂರನೆಯದು ಬಂತೆಂದರೆ ಇನ್ನು ಎದ್ದು ಹೊರಡು ಎಂದರ್ಥ. ಅದರ ಹೆಸರಿನಲ್ಲೇ ಒಂದು ಬೈಗುಳ ಇದೆಯಂತೆ. ಎಲ್ಲರಿಗಿಂತ ಹೆಚ್ಚು ನಕ್ಕವರು ಸಾಹುಕಾರರು. "ನಮ್ಮಲ್ಲಿ ಹಂಗೆಲ್ಲ ಇಲ್ಲಪ್ಪ, ಬಂದೋರಿಗೆಲ್ಲ ಒಂದೇ ಕಾಫಿ" ಎಂದರು. ನಾನು ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿದೆ.

ಅವರು ಹೋಗಿ ಒಂದು ವಾರಕ್ಕೆ, ಸಂಜೆ ನಾಲ್ಕೂವರೆಗೆ ಬಂಗಲೆಯಿಂದ ಕರೆ ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. "ಬನ್ನಿ ಬನ್ನಿ, ಕೂತ್ಕಳಿ" ಎಂದರು ಸಾಹುಕಾರರು. ಈ ಸಲ ಕುರ್ಚಿಯಲ್ಲಿ ಪೂರ್ತಿ ಕೂತೆ. ಸಾಹುಕಾರರ ಹೆಂಡತಿ, ಅಮ್ಮಾವ್ರೇ ಖುದ್ದಾಗಿ ಪಿಂಗಾಣಿ ಕಪ್ಪಿನಲ್ಲಿ ಕಾಫಿ ತಂದರು, ಕೆಳಗೆ ಸಾಸರ್ ಬೇರೆ. ನನ್ನ ಎದೆ ಉಬ್ಬಿತು. ಸಾಹುಕಾರರು ಅಂಗಳದ ಕಡೆ ನೋಡುತ್ತಾ ಹೇಳಿದರು: "ಮ್ಯಾನೇಜರ್ ಕೆಲ್ಸಕ್ಕೆ ಇವಳ ಅಣ್ಣನ ಮಗ ಬರ್ತಾವ್ನೆ ಕಣ್ರೀ. ಕಂಪ್ಯೂಟರ್ ಕಲ್ತವ್ನೆ, ಹಾಜರಿನೂ ಅವ್ನೇ ನೋಡ್ಕತಾನಂತೆ. ನಿಮ್ಗೂ ವಯಸ್ಸಾತು ಬುಡಿ. ಈ ತಿಂಗ್ಳು ಮುಗ್ಸಿ ಮನೆ ಖಾಲಿ ಮಾಡ್ಕೊಡಿ, ಅವಸರ ಏನಿಲ್ಲ."

ಆ ಕ್ಷಣ ಕಪ್ಪನ್ನು ಅಂಗಳಕ್ಕೆ ಬೀಸಿ ಎಸೆದೆ ಎಂದು ಬರೆಯಲು ಎಷ್ಟು ಆಸೆ! ಹತ್ತೊಂಬತ್ತು ವರ್ಷದ ಸಿಟ್ಟು ನನ್ನಲ್ಲಿ ಇರಲಿಲ್ಲವೆಂದಲ್ಲ, ಗಂಟಲ ತನಕ ಬಂದಿತ್ತು. ಆದರೆ ಅದು ಹಣ್ಣು ಕೊಯ್ದ ಆಳುಗಳು ಮೂಟೆ ಹೊತ್ತು ಬಂಗಲೆಯ ಮುಂದಿನಿಂದ ಕಣಕ್ಕೆ ಹೋಗುವ ಹೊತ್ತು. ಅವರು ಬರುವವರೆಗೆ ಕಾಫಿ ಮುಗಿಯಬಾರದೆಂದು ನಾನು ತುಟಿಗೆ ಸೋಕಿಸಿ ಸೋಕಿಸಿ ಇಳಿಸುತ್ತಿದ್ದೆ. ಕೆಲಸ ಹೋಗಿತ್ತು, ಮನೆ ಹೋಗಿತ್ತು, ಹೆಂಡತಿಗೆ ಏನು ಹೇಳಬೇಕೋ ತಿಳಿಯದು. ನನ್ನ ಕಣ್ಣೆಲ್ಲ ಗೇಟಿನ ಮೇಲೆ. ಕೊನೆಗೂ ಬಂದರು. ಮುಂದಿದ್ದ ಲಕ್ಕಮ್ಮ ನನ್ನನ್ನು ನೋಡಿ ನಿಂತಳು. "ರೈಟ್ರು ಕುರ್ಚಿ ಮ್ಯಾಲೆ ಕುಂತವ್ರೆ ಕಣೇ, ಮ್ಯಾನೇಜರ್ ಆಗ್ಬುಟ್ರು!" ಎಂದು ಹಿಂದಿನವಳಿಗೆ ಹೇಳಿದ್ದು ಜಗಲಿಯವರೆಗೆ ಕೇಳಿಸಿತು. ಹಿಂದೆ ಇನ್ನೂ ಹತ್ತು ಹನ್ನೆರಡು ಜನ ಬರುವವರಿದ್ದರು. ನಾನು ಕುರ್ಚಿಗೆ ಚೆನ್ನಾಗಿ ಒರಗಿ, ಕಾಲ ಮೇಲೆ ಕಾಲು ಹಾಕಿ, ಒಳಗಿನವರಿಗೆ ಕೇಳಿಸುವಂತೆ ಹೇಳಿದೆ:

"ಅಮ್ಮಾವ್ರೇ, ಇನ್ನೊಂದರ್ಧ ಕಪ್ಪು ಸಿಗುತ್ತಾ?"