ನೋ ಕಿಡಿಂಗ್ ಎಂದ ವರ

ಕರ್ನಾಟಕ ಒಂದಾಗಬೇಕೆಂದು ಊರೂರಲ್ಲಿ ಸಭೆ ನಡೆಯುತ್ತಿದ್ದ ಕಾಲವದು. ಆಗ ನಾನು ಹಿರೇಹಂದಿಗೋಳದಲ್ಲಿ ಶಾಲೆಯ ಮಾಸ್ತರ. ಮಾವನ ಮನೆಯೂ ಅದೇ ಊರಲ್ಲಿ. ಅಲ್ಲಿ ನಾನು ಇಂಗ್ಲಿಷ್ ಪಂಡಿತ! ಬೇರೆ ಯಾರಿಗೂ ಇಂಗ್ಲಿಷ್ ಬಾರದ್ದರಿಂದ ನನ್ನ ಪಾಂಡಿತ್ಯಕ್ಕೆ ಯಾವ ಅಪಾಯವೂ ಇರಲಿಲ್ಲ.

ಹೆಂಡತಿಯ ತಂಗಿ ಶಾಂತವ್ವನನ್ನು ನೋಡಲು ಮುಂಡರಗಿಯ ವಿರೂಪಾಕ್ಷಪ್ಪ ಬಂದ. ಮುಂಬೈ ಬಂದರಿನಲ್ಲಿ ಗುಮಾಸ್ತ. ನಾನು ಅವನೆದುರು ನಾಲ್ಕು ಮಾತು ಇಂಗ್ಲಿಷಿನಲ್ಲಿ ಎಸೆದೆ. ಅದರ ಫಲವಾಗಿ ಅವನ ಒಪ್ಪಿಗೆಯ ಪತ್ರ ನನ್ನ ಹೆಸರಿಗೇ ಬಂತು, ಇಂಗ್ಲಿಷಿನಲ್ಲೇ! 'ಐ ಲೈಕ್ ದಿ ಗರ್ಲ್. ನೋ ಕಿಡಿಂಗ್.'

ಮೊದಲ ವಾಕ್ಯ ತಿಳಿಯಿತು. ಎರಡನೆಯದಕ್ಕೆ ನಿಘಂಟು ತೆಗೆದೆ. ಕಿಡ್ ಎಂದರೆ ಆಡಿನ ಮರಿ.

"ಆಡಿನ ಮರಿ ಬ್ಯಾಡಂತಾರೇನ್ರಿ?" ಎಂದಳು ಹೆಂಡತಿ ಗಂಗವ್ವ. "ಕೊಡ್ತೀವಂತ ಯಾರು ಹೇಳಿದ್ರು?"

ಕೆಳಗೆ ಇನ್ನೊಂದು ಅರ್ಥವಿತ್ತು: ಮಗು. ನಿಘಂಟು ಹಿಡಿದುಕೊಂಡೇ ಮಾವನ ಮನೆಗೆ ಓಡಿದೆ. "ಅಯ್ಯೋ, ಮಕ್ಕಳು ಬ್ಯಾಡ ಅಂತ ಬರದಾನ!"

ಮಾವನವರು ಪಡಸಾಲೆಯಲ್ಲಿ ಕುಸಿದು ಕೂತರು. ಶಾಂತವ್ವ ಕಣ್ಣೊರೆಸಿಕೊಂಡು ನನಗೆ, "ಮಾಮಾ, ಅವರನ್ನ ಸರಿಯಾಗಿ ಕೇಳಿ ನೋಡ್ರಿ. ಅಂಥವರಂಗ ಕಾಣಲಿಲ್ಲ" ಎಂದಳು.

ಪಂಡಿತನಾದವನು ಕೇಳುವುದುಂಟೇ? ಆ ದಿನವೇ ಉತ್ತರ ಬರೆದೆ: 'ವಿ ವಾಂಟ್ ಕಿಡಿಂಗ್. ಮಿನಿಮಮ್ ಫೋರ್!'

ಮುಂದಿನ ವಾರ ವರ ಗದಗಿಗೆ ರೈಲಿನಲ್ಲಿ ಬಂದು, ಅಲ್ಲಿಂದ ನಮ್ಮೂರಿಗೆ, ನೇರ ಮಾವನ ಮನೆಗೇ ನಡೆದ. ನನ್ನನ್ನೂ ಕರೆಸಿದರು. ಅವನ ಮುಖ ಬಾಡಿತ್ತು.

"ನಾ ಖರೆ ಮನಸ್ಸಿಂದ ಬರದ್ರ ನಿಮಗ ಚೇಷ್ಟಿ ಬೇಕಾತೇನ್ರಿ? ಅದೂ ನಾಕ್ ಸಲ?"

"ಚೇಷ್ಟಿ ಎಲ್ಲಿ ಬಂತ್ರಿ? ಮಕ್ಕಳ ಮಾತು ಅದು!"

"ಯಾರ ಮಕ್ಕಳು?"

ನಾನು ಜೇಬಿನಿಂದ ಅವನ ಪತ್ರ ತೆಗೆದು 'ಕಿಡಿಂಗ್' ಮೇಲೆ ಬೆರಳಿಟ್ಟೆ. ಕೊನೆಗೆ ಅವನೇ ಬಿಡಿಸಿ ಹೇಳಿದ. ಹಡಗಿನ ಅಮೆರಿಕದವರಿಂದ ಕಲಿತ ಮಾತಂತೆ. "ಚೇಷ್ಟಿ ಅಲ್ಲ, ಖರೇನ ಹೇಳಾಕತ್ತೇನಿ ಅಂತ ಅದರ ಅರ್ಥ ರೀ!"

"ಹಂಗಾರ ಮಕ್ಕಳು?" ಎಂದರು ಮಾವನವರು, ಇನ್ನೂ ಅನುಮಾನದಿಂದ.

ವರ ನಾಚಿ ನೆಲ ನೋಡಿದ. "ಅದು... ದೇವರು ಕೊಟ್ಟಷ್ಟು ಆಗಲಿ ರೀ."

ಒಳಗಿನಿಂದ ಕಿಸಕ್ಕನೆ ನಗು ಕೇಳಿತು. ಲಗ್ನ ಗಟ್ಟಿಯಾಯಿತು.

ಮಾವನವರು ನನ್ನತ್ತ ತಿರುಗಿದರು. "ಮಾಸ್ತರ, ಲಗ್ನಪತ್ರಿಕಿ ನೀವ ಬರೀರಿ. ಕನ್ನಡದಾಗ." ಮತ್ತೆ ಸೇರಿಸಿದರು: "ಬರದ ಮ್ಯಾಲ ಶಾಂತಾಗ ಒಮ್ಮೆ ತೋರಸ್ರಿ. ಅಕಿ ಮೂರನೇ ಇಯತ್ತೆ ತನಕ ಸಾಲಿ ಕಲ್ತಾಳ."

ತೋರಿಸಿದೆ. ಎರಡು ತಪ್ಪು ತಿದ್ದಿದಳು!